ಹೊಸ ದೇಶದಲ್ಲಿ ಹೊಸ ಸಂಸಾರ: ಓದುಗರ ಪ್ರಶ್ನೆಗೆ ಅಕ್ಕನ ಉತ್ತರ

ವಿದೇಶಕ್ಕೆ ಹೋಗಿ ನೆಲೆಸುವವರು ತಮ್ಮ ಪ್ರಶ್ನೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ತುಮಕೂರು ಜಿಲ್ಲೆಯವರಿಂದ ಬಂದ ಕಾಗದಗಳಲ್ಲಿ ಜರ್ಮನಿಯವೇ ಜಾಸ್ತಿ. ಬಾಷ್, ಮರ್ಸಿಡಿಸ್ ಥರದ ಕಂಪನಿಗಳು ಬೆಂಗಳೂರಿನಲ್ಲೂ ಇವೆ, ಸ್ಟುಟ್‌ಗಾರ್ಟ್ ಕಡೆಯಲ್ಲೂ ಇವೆ. ಇಲ್ಲಿಂದ ಅಲ್ಲಿಗೆ ಹೋಗುವ ನಮ್ಮ ಹುಡುಗರು ಬಹಳ. ನಾನೂ ಆ ಊರಲ್ಲಿ ಹಲವು ವರ್ಷ ಸಂಸಾರ ಮಾಡಿ ತುಮಕೂರಿಗೆ ವಾಪಸ್ ಬಂದವಳು, ಅದಕ್ಕೇ ಈ ಸಲ ಮೂರು ಕಾಗದವೂ ಜರ್ಮನಿಯವೇ.

ಪ್ರಶ್ನೆ: ಅಕ್ಕ, ನಮ್ಮದು ಗುಬ್ಬಿ ಹತ್ತಿರದ ಹಳ್ಳಿ. ಮದುವೆಗೆ ಮುಂಚೆ ತುಮಕೂರಿನ ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದೆ. ಯಜಮಾನರಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ, ಓದಿದವರಿಗೆ ಕೆಲಸಕ್ಕೆ ಅಂತ ಕೊಡುವ ಬ್ಲೂ ಕಾರ್ಡ್ ಅನ್ನುವ ಪರವಾನಗಿ ಇದೆ. ನಾನು ಬಂದು ಎಂಟು ತಿಂಗಳಾಯಿತು. ಬೆಳಿಗ್ಗೆ ಅವರು ಹೋದರೆ ಸಂಜೆವರೆಗೆ ಒಬ್ಬಳೇ. ಕೆಳಗಿನ ಮನೆಯ ಅಜ್ಜಿ ನಮ್ಮ ಬಾಗಿಲಿಗೆ ಏನೋ ಬೋರ್ಡು ತಗುಲಿಹಾಕಿ ಹೋಗುತ್ತಾರೆ. ಭಾನುವಾರ ಮಿಕ್ಸಿ ಹಾಕಿದರೆ ಮೇಲೆ ಬಂದು ಬೆಲ್ ಮಾಡುತ್ತಾರೆ. ನನ್ನ ಹೆಸರಿಗೆ ಬರಬೇಕಿದ್ದ ಇನ್ಶೂರೆನ್ಸ್ ಕಾರ್ಡು ವಾಪಸ್ ಹೋಗಿದೆ. ಟಿವಿನೇ ಇಲ್ಲದ ಮನೆಗೆ ಟಿವಿ ದುಡ್ಡು ಕಟ್ಟಿ ಅಂತ ಇಬ್ಬರಿಗೂ ಬೇರೆ ಬೇರೆ ಕಾಗದ ಬಂದಿದೆ. ಊರಿಗೆ ಫೋನ್ ಮಾಡಿದರೆ ಅಳು ಬರುತ್ತೆ, ಅಮ್ಮನಿಗೆ ಗೊತ್ತಾಗಬಾರದು ಅಂತ ಬೇಗ ಇಡುತ್ತೇನೆ. ಇಲ್ಲಿ ಯಾವಾಗ ನಮ್ಮ ಮನೆ ಅನ್ನಿಸುತ್ತೆ?
— ಹೆಸರು ಬೇಡ

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಅಳು ಬರುವುದರಲ್ಲಿ ಏನೂ ತಪ್ಪಿಲ್ಲ. ದಿನಾ ಮೂವತ್ತು ಮಕ್ಕಳ ಮುಂದೆ ನಿಂತು ಪಾಠ ಮಾಡಿದವರು, ಈಗ ಅಂಗಡಿಯಲ್ಲಿ ಒಂದು ಮಾತು ಕೇಳೋಕೂ ಹಿಂಜರಿಯುವ ಹಾಗಾದರೆ ಯಾರಿಗಾದರೂ ಕಷ್ಟವೇ. ಆದರೆ ನೀವು ಬರೆದ ಒಂದೊಂದಕ್ಕೂ ದಾರಿ ಇದೆ, ಮತ್ತು ಅದನ್ನೆಲ್ಲ ಯಜಮಾನರ ಕೈಲಿ ಮಾಡಿಸದೆ ನೀವೇ ಮಾಡಬೇಕು ಅನ್ನುವುದು ನನ್ನ ಮಾತು.

ಮೊದಲು ಟಪಾಲು ಡಬ್ಬಿ. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ರಸ್ತೆ ಮತ್ತು ಕಟ್ಟಡದ ನಂಬರ್ ಮಾತ್ರ ಇರುತ್ತೆ, ಯಾವ ಮನೆ ಅನ್ನುವುದಕ್ಕೆ ನಂಬರ್ ಇರುವುದಿಲ್ಲ. ಪೋಸ್ಟ್‌ಮನ್ ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ, ಹೆಸರಿಲ್ಲದಿದ್ದರೆ ಕಾಗದ ವಾಪಸ್. ನಮ್ಮ ಕಡೆಯವರಿಗೆ ತೊಂದರೆ ಆಗುವುದು ಇಲ್ಲೇ. ಯಜಮಾನರ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಅವರ ಅಪ್ಪನದು, ನಿಮ್ಮದರಲ್ಲಿ ನಿಮ್ಮ ಅಪ್ಪನದು, ಕೆಲವರಿಗೆ ಊರಿನ ಹೆಸರು, ನಾಳೆ ಮಗುವಾದರೆ ಅದಕ್ಕೆ ಇನ್ನೊಂದು. ಡಬ್ಬಿ ಮೇಲೆ ಯಜಮಾನರ ಹೆಸರೊಂದೇ ಇದ್ದಿರಬೇಕು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇಬ್ಬರ ಹೆಸರನ್ನೂ ಡಬ್ಬಿ ಮೇಲೆ, ಕೆಳಗಿನ ಬೆಲ್ ಮೇಲೆ ಹಾಕಿಸಿ. ಕೆಲವು ಕಟ್ಟಡಗಳಲ್ಲಿ ಸುಮ್ನೆ ಚೀಟಿ ಅಂಟಿಸಿದರೆ ಒಪ್ಪಲ್ಲ, ಮನೆ ನೋಡಿಕೊಳ್ಳುವವರನ್ನು ಕೇಳಿ ಮಾಡಿಸಿ. ಆಮೇಲೆ ಇನ್ಶೂರೆನ್ಸ್‌ನವರಿಗೆ ಬರೆದು ಕಾರ್ಡು ಮತ್ತೆ ತರಿಸಿಕೊಳ್ಳಿ. ಬ್ಯಾಂಕು, ಟ್ಯಾಕ್ಸ್ ನಂಬರ್, ವೀಸಾ ಆಫೀಸು, ಎಲ್ಲವೂ ಆ ದೇಶದಲ್ಲಿ ಇನ್ನೂ ಕಾಗದದಲ್ಲೇ ಬರುತ್ತೆ. ಡಬ್ಬಿಯ ಬೀಗದ ಕೈ ನಿಮ್ಮ ಹತ್ತಿರವೂ ಒಂದಿರಲಿ, ದಿನಾ ನೀವೇ ತೆಗೆಯಿರಿ.

ಟಿವಿ ದುಡ್ಡಿನ ಕಾಗದಕ್ಕೆ ಹೆದರಬೇಡಿ, ಆದರೆ ಬಿಸಾಡಬೇಡಿ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಅಲ್ಲಿನ ಸಾರ್ವಜನಿಕ ಟಿವಿ, ರೇಡಿಯೋ ನಡೆಸಲು ಒಂದು ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ಒಂದು ಮನೆಗೆ ಒಂದೇ ಸಲ. ಯಜಮಾನರು ಕಟ್ಟುತ್ತಿದ್ದರೆ ಅವರ ಖಾತೆ ನಂಬರ್ ಬರೆದು, ನಾನೂ ಇದೇ ಮನೆಯವಳು ಅಂತ ಉತ್ತರ ಕೊಟ್ಟರೆ ನಿಮ್ಮ ಹೆಸರಿನದು ನಿಲ್ಲುತ್ತೆ. ಉತ್ತರ ಕೊಡದೆ ಇಟ್ಟರೆ ದಂಡ ಸೇರುತ್ತಾ ಹೋಗುತ್ತೆ.

ಈಗ ಅಜ್ಜಿಯ ವಿಷಯ. ಬಾಗಿಲಿಗೆ ತಗುಲಿಹಾಕಿದ ಬೋರ್ಡಿನಲ್ಲಿ ‘ಕೇರ್‌ವೋಖೆ’ ಅಂತ ಬರೆದಿರುತ್ತೆ, ನೋಡಿ. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯ ಹಳೇ ಪದ್ಧತಿ ಅದು. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು ಅಂತ ಅರ್ಥ. ನಿಮ್ಮ ವಾರ ಮುಗಿದ ಮೇಲೆ ಆ ಬೋರ್ಡನ್ನು ನೀವು ಮುಂದಿನ ಮನೆಯ ಬಾಗಿಲಿಗೆ ಹಾಕಬೇಕು. ಕೆಲವು ಕಡೆ ಮನೆ ಮುಂದಿನ ಕಾಲುದಾರಿ, ಕಸದ ಡಬ್ಬಿ ಇಡುವ ಜಾಗ ಕೂಡ ಸೇರಿರುತ್ತೆ, ಚಳಿಗಾಲದಲ್ಲಿ ಹಿಮ ತೆಗೆಯುವುದೂ ಇರಬಹುದು. ನಿಮ್ಮ ಬಾಡಿಗೆ ಕರಾರಿನಲ್ಲಿ ಬರೆದಿರುತ್ತೆ. ಎಂಟು ತಿಂಗಳಿಂದ ಬೋರ್ಡು ಬಂದು ಹೋಗುತ್ತಿದೆ, ಯಾರೂ ಗುಡಿಸಿಲ್ಲ ಅಂದರೆ ಅಜ್ಜಿಗೆ ಸಿಟ್ಟು ಬರೋದು ಸಹಜ ಅಲ್ವಾ? ಬೆಳಿಗ್ಗೆ ಎದ್ದು ಬಾಗಿಲು ಸಾರಿಸಿ ರಂಗೋಲಿ ಹಾಕಿ ಬೆಳೆದವರು ನಾವು. ಬಾಗಿಲ ಮುಂದೆ ಕಸ ಬಿದ್ದಿದ್ದರೆ ನಮ್ಮ ಅತ್ತೆಯಂದಿರು ಏನನ್ನುತ್ತಾರೆ ಅಂತ ನೆನಪಿಸಿಕೊಂಡರೆ ಈ ಅಜ್ಜಿ ನಿಮಗೆ ಅರ್ಥ ಆಗುತ್ತಾರೆ.

ಶನಿವಾರ ಬೆಳಿಗ್ಗೆ, ಎಲ್ಲರೂ ಓಡಾಡುವ ಹೊತ್ತಿಗೆ, ಬಕೆಟ್ ಹಿಡಿದು ಮೆಟ್ಟಿಲು ಒರೆಸಿ. ಮೂಲೆ ಬಿಡಬೇಡಿ, ಮೆಟ್ಟಿಲ ಪಕ್ಕದ ಹಿಡಿಕಂಬಿಯನ್ನೂ ಒರೆಸಿ, ಅಲ್ಲಿಯವರು ಅದನ್ನು ನೋಡುತ್ತಾರೆ. ಅಜ್ಜಿ ಬಾಗಿಲು ತೆಗೆದೇ ತೆಗೆಯುತ್ತಾರೆ. ‘ಗೂಟನ್ ಮೋರ್ಗನ್’ ಅನ್ನಿ, ನಿಮ್ಮ ಹೆಸರು ಹೇಳಿ. ಎಲ್ಲಿ ಒರೆಸಬೇಕು ಅಂತ ಕೈ ತೋರಿಸಿ ಕೇಳಿದರೂ ಸಾಕು, ಅಜ್ಜಿ ಹೊರಗೆ ಬಂದು ತೋರಿಸುತ್ತಾರೆ. ಆ ಊರಲ್ಲಿ ನನಗೆ ಮೊದಲು ಪರಿಚಯವಾದವರೆಲ್ಲ ಮೆಟ್ಟಿಲ ಮೇಲೆ ಸಿಕ್ಕವರೇ. ನಗುಮೊಗದಲ್ಲಿ ಕರೆದು ಕಾಫಿ ಕೊಡುವ ಜನ ಅಲ್ಲ, ನಿಜ. ಆದರೆ ಒಂದು ಸಲ ನಿಮ್ಮನ್ನು ತಮ್ಮ ಕಟ್ಟಡದವರು ಅಂತ ಒಪ್ಪಿದರೆ, ನೀವು ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುತ್ತಾರೆ, ನಿಮ್ಮ ಪಾರ್ಸಲ್ ಇಟ್ಟುಕೊಳ್ಳುತ್ತಾರೆ, ಅರ್ಥವಾಗದ ಸರ್ಕಾರಿ ಕಾಗದ ಓದಿ ಹೇಳುತ್ತಾರೆ.

ಭಾನುವಾರ ಅಲ್ಲಿ ಸದ್ದು ಮಾಡುವ ದಿನ ಅಲ್ಲ. ಅಂಗಡಿಗಳೂ ಮುಚ್ಚಿರುತ್ತವೆ. ದೋಸೆ ಹಿಟ್ಟು, ಚಟ್ನಿ ಪುಡಿ, ಕಾರದ ಪುಡಿ ಏನಿದ್ದರೂ ಶನಿವಾರವೇ ರುಬ್ಬಿಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ ಹಾಗೇ. ಗಾಜಿನ ಬಾಟಲಿಗಳನ್ನು ಬೀದಿಯ ದೊಡ್ಡ ಡಬ್ಬಿಗೆ ಹಾಕುವುದನ್ನೂ ಭಾನುವಾರ ಮಾಡಬೇಡಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚಳಿಗಾಲದಲ್ಲಿ ಚಳಿ ಅಂತ ಕಿಟಕಿ ಮುಚ್ಚಿ ಒಳಗೇ ಅನ್ನ ಸಾರು ಮಾಡಿ, ಒಳಗೇ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತೆ. ಹೀಟರ್ ಕಡಿಮೆ ಮಾಡಿ, ಕಿಟಕಿಯನ್ನು ಪೂರ್ತಿ ತೆಗೆದು ಐದು ಹತ್ತು ನಿಮಿಷ ಬಿಟ್ಟು ಮುಚ್ಚಿ. ದಿನಕ್ಕೆ ಮೂರು ನಾಲ್ಕು ಸಲ. ಬೂಷ್ಟು ಹಿಡಿದ ಗೋಡೆಗೆ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿದುಕೊಂಡು ಜಗಳ ಆಡುವ ಮನೆ ಮಾಲೀಕರು ಇದ್ದಾರೆ. ಹಾಗೇ ಮುದ್ದೆ. ರಾಗಿ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತೆ. ಆದರೆ ಗಾಜಿನ ಒಲೆಯ ಮೇಲೆ ಪಾತ್ರೆ ಇಟ್ಟು ಕೋಲು ಒತ್ತಿ ತಿರುವಬೇಡಿ, ಕೆಳಗಿಳಿಸಿಕೊಂಡು ತಿರುವಿ. ಗಾಜು ಬಿರುಕು ಬಿಟ್ಟರೆ ಖರ್ಚು ನಿಮ್ಮ ತಲೆಗೇ. ಇಂಥದ್ದಕ್ಕೆ ‘ಹಾಫ್ಟ್‌ಪ್ಲಿಖ್ಟ್’ ಅನ್ನುವ ಇನ್ಶೂರೆನ್ಸ್ ಇದೆ, ಬೇರೆಯವರ ವಸ್ತು ನಮ್ಮ ಕೈಯಿಂದ ಹಾಳಾದರೆ ಅವರು ಕೊಡುತ್ತಾರೆ. ದುಬಾರಿ ಅಲ್ಲ, ಮಾಡಿಸಿಕೊಳ್ಳಿ. ಬಾಡಿಗೆ ಮನೆಯ ವಸ್ತುವೂ ಸೇರಿದೆಯಾ ಅಂತ ಕೇಳಿ ತೆಗೆದುಕೊಳ್ಳಿ.

ಕೊನೆಗೆ ಭಾಷೆ ಮತ್ತು ಕೆಲಸ. ಬ್ಲೂ ಕಾರ್ಡ್ ಇರುವವರ ಹೆಂಡತಿ ಜರ್ಮನ್ ಕಲಿಯದೇ ಬರಬಹುದು, ಬಂದ ದಿನದಿಂದ ಕೆಲಸವೂ ಮಾಡಬಹುದು. ಈ ಅನುಕೂಲವೇ ಎಷ್ಟೋ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಿದೆ. ಕಲಿಯಲೇಬೇಕು ಅಂತ ಯಾರೂ ಹೇಳಲ್ಲ, ಯಜಮಾನರ ಆಫೀಸು ಇಂಗ್ಲಿಷಿನಲ್ಲೇ ನಡೆಯುತ್ತೆ, ಹೀಗೇ ವರ್ಷಗಳು ಹೋಗಿಬಿಡುತ್ತವೆ. ನೀವು ಹಾಗೆ ಬಿಡಬೇಡಿ. ಊರೂರಲ್ಲೂ ಫೋಲ್ಕ್ಸ್‌ಹೋಖ್‌ಶೂಲೆ ಅಂತ ದೊಡ್ಡವರ ಕಲಿಕಾ ಕೇಂದ್ರಗಳಿವೆ. ಅಲ್ಲಿಗೆ ಹೋಗಿ ಇಂಟಿಗ್ರೇಷನ್ ಕೋರ್ಸ್ ಬಗ್ಗೆ ಕೇಳಿ. ಸಾಮಾನ್ಯ ಕೋರ್ಸಿನಲ್ಲಿ 600 ಪೀರಿಯಡ್ ಭಾಷೆ, 100 ಪೀರಿಯಡ್ ಆ ದೇಶದ ಕಾನೂನು, ಇತಿಹಾಸ, ಬದುಕು. ಅದು ಸಿಗದಿದ್ದರೆ ಮಾಮೂಲಿ ಸಂಜೆ ಕ್ಲಾಸಿಗಾದರೂ ಸೇರಿ. ಕ್ಲಾಸಿನಲ್ಲಿ ಸಿರಿಯಾದವರು, ಟರ್ಕಿಯವರು, ಉಕ್ರೇನಿನವರು ಇರುತ್ತಾರೆ, ಎಲ್ಲರೂ ನಿಮ್ಮ ಹಾಗೇ ಊರು ಬಿಟ್ಟು ಬಂದವರು, ಎಲ್ಲರಿಗೂ ತಪ್ಪು ತಪ್ಪು ಜರ್ಮನ್ನೇ. ಅಲ್ಲಿ ಮಾತಾಡಲು ನಾಚಿಕೆ ಆಗಲ್ಲ.

ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗುವುದು ಸುಲಭ ಅಲ್ಲ. ಅಲ್ಲಿ ಎರಡು ವಿಷಯ ಓದಿರಬೇಕು, ಜರ್ಮನ್ ತುಂಬಾ ಚೆನ್ನಾಗಿ ಬರಬೇಕು, ನಮ್ಮ ಬಿ.ಎಡ್ ಅನ್ನು ಅವರು ಪರಿಶೀಲಿಸಿ ಒಪ್ಪಬೇಕು. ಆದರೆ ಲೆಕ್ಕದ ಟ್ಯೂಷನ್‌ಗೆ ಅಲ್ಲೂ ಬೇಡಿಕೆ ಇದೆ. ಇಂಗ್ಲಿಷಿನಲ್ಲಿ ಕಲಿಯುವ ಮಕ್ಕಳ ಮನೆಗಳಿಂದ ಶುರು ಮಾಡಬಹುದು. ಡಿಗ್ರಿಗೆ ಅಲ್ಲಿ ಎಷ್ಟು ಬೆಲೆ ಅಂತ ‘ಅನಾಬಿನ್’ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ನೋಡಿಕೊಳ್ಳಿ.

ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತೆ. ಎಷ್ಟೇ ಚಳಿ ಇದ್ದರೂ ಮಧ್ಯಾಹ್ನ ಬೆಳಕಿರುವಾಗ ಹೊರಗೆ ನಡೆದು ಬನ್ನಿ. ಆದರೂ ಅಳು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ವಾರಗಟ್ಟಲೆ ಹೋಗದಿದ್ದರೆ ಮನೆ ಹತ್ತಿರದ ಡಾಕ್ಟರ್ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿ. ಅದೂ ಇನ್ಶೂರೆನ್ಸಿನಲ್ಲಿ ಬರುವ ಕಾಯಿಲೆಯೇ. ಮತ್ತು ಅಮ್ಮನ ಹತ್ತಿರ ಮುಚ್ಚಿಡಬೇಡಿ. ಅವರಿಗೆ ಆಗಲೇ ಗೊತ್ತಾಗಿರುತ್ತೆ.

ಪ್ರಶ್ನೆ: ಮುಂದಿನ ತಿಂಗಳು ಮ್ಯೂನಿಕ್‌ಗೆ ಕೆಲಸಕ್ಕೆ ಹೊರಟಿದ್ದೇನೆ. ಇಲ್ಲಿನ ಬ್ಯಾಂಕ್ ಅಕೌಂಟು, ಅಪ್ಪನ ಹೆಸರಿನ ಜಮೀನು, ನನ್ನ ಡ್ರೈವಿಂಗ್ ಲೈಸೆನ್ಸ್, ಇವುಗಳಿಗೆ ಹೊರಡುವ ಮುಂಚೆ ಏನು ಮಾಡಬೇಕು?
— ಒಬ್ಬ ಓದುಗ, ಶಿರಾ

ಉತ್ತರ: ಕೆಲಸಕ್ಕೆ ಹೋಗಿ ನೆಲೆಸಿದ ಮೇಲೆ ಇಲ್ಲಿನ ಸೇವಿಂಗ್ಸ್ ಅಕೌಂಟನ್ನು ಎನ್‌ಆರ್‌ಓ ಅಕೌಂಟಿಗೆ, ಅಂದರೆ ಹೊರದೇಶದಲ್ಲಿ ನೆಲೆಸಿದವರು ಇಲ್ಲಿನ ದುಡ್ಡಿಗೆ ಇಟ್ಟುಕೊಳ್ಳುವ ಅಕೌಂಟಿಗೆ, ಬದಲಾಯಿಸಬೇಕು, ಹಾಗೇ ಇಟ್ಟುಕೊಳ್ಳುವಂತಿಲ್ಲ. ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಅಕೌಂಟ್ ತೆಗೆಯಿರಿ. ಹೊರಡುವ ಮುಂಚೆ ಬ್ಯಾಂಕಿಗೆ ಹೋಗಿ ಯಾವ ಫಾರಂ ಬೇಕು ಅಂತ ಕೇಳಿಟ್ಟುಕೊಳ್ಳಿ. ಅಪ್ಪನ ಜಮೀನು ಮುಂದೆ ನಿಮ್ಮ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು, ಆದರೆ ಎನ್‌ಆರ್‌ಐ ಆದಮೇಲೆ ಹೊಸದಾಗಿ ಕೃಷಿ ಜಮೀನು ಕೊಳ್ಳಲು ಆಗುವುದಿಲ್ಲ. ಯಾರಿಗಾದರೂ ಪವರ್ ಆಫ್ ಅಟಾರ್ನಿ ಕೊಡುವುದಿದ್ದರೆ ಇಲ್ಲೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿ ಹೋಗಿ. ಅಲ್ಲಿ ಹೋದಮೇಲೆ ಮಾಡಿಸಿದರೆ ಭಾರತದ ಕಾನ್ಸುಲೇಟಿಗೆ ಓಡಾಡಬೇಕು, ಕಾಗದ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಯಾವ ಕೆಲಸಕ್ಕೆ ಅಧಿಕಾರ ಕೊಡುತ್ತಿದ್ದೀರಿ ಅಂತ ಬಿಡಿಸಿ ಬರೆಸಿ. ಸ್ವಂತ ಅಣ್ಣನಿಗೇ ಆದರೂ ಖಾಲಿ ಜಾಗ ಬಿಟ್ಟು ಸಹಿ ಹಾಕಬೇಡಿ.

ನಮ್ಮ ಲೈಸೆನ್ಸ್ ಅಲ್ಲಿ ಆರು ತಿಂಗಳು ನಡೆಯುತ್ತೆ. ಆಮೇಲೆ ಥಿಯರಿ ಪರೀಕ್ಷೆ, ಗಾಡಿ ಓಡಿಸುವ ಪರೀಕ್ಷೆ ಎರಡೂ ಪಾಸು ಮಾಡಬೇಕು, ಕಣ್ಣಿನ ಟೆಸ್ಟು, ಫಸ್ಟ್ ಏಡ್ ತರಬೇತಿಯೂ ಇದೆ. ಥಿಯರಿ ಇಂಗ್ಲಿಷಿನಲ್ಲಿ ಬರೆಯಬಹುದು. ಇಲ್ಲಿ ಎಷ್ಟು ವರ್ಷ ಓಡಿಸಿದ್ದರೂ ಅಲ್ಲಿ ನಾಲ್ಕಾರು ಕ್ಲಾಸ್ ತೆಗೆದುಕೊಳ್ಳದೆ ಪರೀಕ್ಷೆಗೆ ಕೂರಬೇಡಿ. ಮನೆ ಸಿಕ್ಕಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಸಹಿ ಇರುವ ಕಾಗದ ಬೇಕು. ಆ ಕಾಗದ ಕೊಡಲ್ಲ ಅನ್ನುವವರ ಮನೆಗೆ ಅಡ್ವಾನ್ಸ್ ಕೊಡಲೇಬೇಡಿ.

ಪ್ರಶ್ನೆ: ಮಗ ಸೊಸೆ ಜರ್ಮನಿಗೆ ಬಂದು ಮೂರು ತಿಂಗಳು ಇದ್ದು ಹೋಗಿ ಅಂತ ಕರೀತಿದ್ದಾರೆ. ಇಲ್ಲಿ ತೋಟ ಇದೆ, ಇವರಿಗೆ ಶುಗರ್ ಇದೆ. ಯಾವಾಗ ಹೋಗೋದು, ಏನೇನು ತಗೊಂಡು ಹೋಗಬಹುದು? ನಾಲ್ಕು ವರ್ಷದ ಮೊಮ್ಮಗಳು ಫೋನಿನಲ್ಲಿ ನಮ್ಮ ಹತ್ತಿರ ಕನ್ನಡದಲ್ಲಿ ಮಾತಾಡಲ್ಲ, ಹೋದರೂ ನಮ್ಮ ಹತ್ತಿರ ಬರುತ್ತಾಳೋ ಇಲ್ಲವೋ.
— ಅಜ್ಜಿ, ತಿಪಟೂರು

ಉತ್ತರ: ಖಂಡಿತ ಹೋಗಿ ಬನ್ನಿ ಅಮ್ಮ. ಚಳಿಗಾಲ ಬೇಡ, ಮೇ ತಿಂಗಳಲ್ಲಿ ಹೊರಡಿ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತೆ, ಇಬ್ಬರೂ ವಾಕಿಂಗ್ ಹೋಗಬಹುದು. ನಿಮಗೆ ಕೊಡುವ ಸಂದರ್ಶಕರ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಹೋದ ದಿನ, ವಾಪಸ್ ಹೊರಡುವ ದಿನ ಎರಡೂ ಲೆಕ್ಕಕ್ಕೆ ಬರುತ್ತೆ. ಆದ್ದರಿಂದ ‘ಮೂರು ತಿಂಗಳು’ ಅಂತ ಟಿಕೆಟ್ ಮಾಡಿಸದೆ ದಿನ ಎಣಿಸಿ ಮಾಡಿಸಿ. ಕಡಿಮೆ ಅಂದರೂ 30,000 ಯೂರೋ ಖರ್ಚು ಭರಿಸುವ ಟ್ರಾವೆಲ್ ಇನ್ಶೂರೆನ್ಸ್ ಇರಲೇಬೇಕು. ಮೊದಲಿಂದ ಇರುವ ಶುಗರ್‌ಗೆ ಅದರಲ್ಲಿ ಏನು ಕೊಡುತ್ತಾರೆ ಅಂತ ಓದಿಸಿ ತಿಳಿದುಕೊಳ್ಳಿ. ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಸಾಕಾಗುವಷ್ಟು, ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ.

ತುಪ್ಪ, ಪೇಡ, ಖೋವಾ ತಗೊಂಡು ಹೋಗಬೇಡಿ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಯುರೋಪಿಗೆ ಬಿಡುವುದಿಲ್ಲ. ಕರಿಬೇವು, ಮಾವಿನಹಣ್ಣಿಗೂ ರೋಗ, ಹುಳು ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ತೆಂಗಿನಕಾಯಿಗೆ ಅಲ್ಲಿ ಆ ಸರ್ಟಿಫಿಕೇಟ್ ಬೇಡ. ಆದರೆ ತಿಪಟೂರಿನ ಕೊಬ್ಬರಿ ಗಿಟುಕು ಬ್ಯಾಗಿಗೆ ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ. ಒಣ ಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತು ಅಂತ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಚಟ್ನಿ ಪುಡಿ, ಸಾರಿನ ಪುಡಿ, ಹಪ್ಪಳಕ್ಕೆ ತೊಂದರೆ ಇಲ್ಲ.

ಮೊಮ್ಮಗಳ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ದಿನವೆಲ್ಲ ಶಿಶುವಿಹಾರದಲ್ಲಿ ಜರ್ಮನ್ ಮಾತಾಡಿ ಬಂದ ಮಗುವಿಗೆ ಫೋನಿನಲ್ಲಿ ‘ಮಾತಾಡು, ಮಾತಾಡು’ ಅಂದರೆ ಬಾಯಿ ಕಟ್ಟುತ್ತೆ. ಅವಳು ಜರ್ಮನ್‌ನಲ್ಲೇ ಉತ್ತರ ಕೊಟ್ಟರೂ ನೀವು ಕನ್ನಡದಲ್ಲೇ ಮಾತಾಡಿ. ಅವಳಿಗೆ ಅರ್ಥವಾಗುತ್ತಿರುತ್ತೆ, ಬಾಯಿಗೆ ಬರಲು ಹೊತ್ತು ಬೇಕು. ಮನೆಗೆ ಹೋದಮೇಲೆ ಜೊತೆಯಲ್ಲಿ ಕೂತು ಅವರೆಕಾಯಿ ಸುಲಿದ ಹಾಗೆ ಬಟಾಣಿ ಸುಲಿಯಿರಿ, ತಲೆ ಬಾಚಿ, ಕಥೆ ಹೇಳಿ. ಕೈಯಲ್ಲಿ ಕೆಲಸ ಇದ್ದಾಗ ಮಕ್ಕಳ ಮಾತು ತಾನಾಗಿ ಬರುತ್ತೆ.

ಒಂದು ಕೋರಿಕೆ. ಇಡೀ ದಿನ ಅಡುಗೆಮನೆಯಲ್ಲೇ ಇರಬೇಡಿ. ಸೊಸೆ ಭಾಷೆ ಕ್ಲಾಸಿಗೋ ಕೆಲಸಕ್ಕೋ ಹೋಗುವಂತಿದ್ದರೆ ಮಧ್ಯಾಹ್ನ ಮಗುವನ್ನು ಕರೆತರುವ ಕೆಲಸ ನೀವಿಬ್ಬರು ಕೇಳಿ ತೆಗೆದುಕೊಳ್ಳಿ. ಆ ದಾರಿ, ಅಂಗಡಿ, ಬಸ್‌ ಸ್ಟಾಪು ನಿಮಗೂ ಪರಿಚಯವಾಗುತ್ತೆ. ಶಿಶುವಿಹಾರದವರು ಬೇರೆ ಯಾರ ಕೈಗೂ ಮಗುವನ್ನು ಕೊಡಲ್ಲ. ನಿಮ್ಮ ಹೆಸರು ಬರೆದು ಅಪ್ಪ ಅಮ್ಮ ಮೊದಲೇ ಸಹಿ ಮಾಡಿ ಕೊಟ್ಟಿರಬೇಕು, ಮೊದಲ ಸಲ ಪಾಸ್‌ಪೋರ್ಟ್ ಕೇಳಬಹುದು. ನೀವು ಹೋದ ವಾರವೇ ಆ ಕಾಗದ ಕೊಡಲು ಮಗನಿಗೆ ಹೇಳಿಡಿ.