ಸಕ್ಕರೆ ಮುಟ್ಟಿಸಬೇಡ ಅಂದಿದ್ದು ನಾವೇ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆಯ ಕಾಫಿ ತೋಟ. ಅತ್ತೆಗೆ 76 ವರ್ಷ, 20 ವರ್ಷದಿಂದ ಶುಗರ್. ಎರಡು ಹೊತ್ತು ಇನ್ಸುಲಿನ್. ಯಜಮಾನರ ಕೆಲಸ ಮೈಸೂರಿನಲ್ಲಿ, ನಾನು ಶಾಲೆಗೆ ಹೋಗುತ್ತೇನೆ. ಹಾಗಾಗಿ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆಯ) ಒಬ್ಬ ಹುಡುಗಿ ಅತ್ತೆಯನ್ನು ನೋಡಿಕೊಳ್ಳುತ್ತಾಳೆ. ರಾತ್ರಿಯೂ ಅವರ ಕೋಣೆಯಲ್ಲೇ ಮಲಗುತ್ತಾಳೆ. ಕಳೆದ ತಿಂಗಳು ಒಂದು ದಿನ ಸಂಜೆ ಏಳಕ್ಕೆ ಎಂದಿನಂತೆ ಇಂಜೆಕ್ಷನ್ ಆಯಿತು. ಆಮೇಲೆ ಅತ್ತೆ ಊಟ ಬೇಡವೆಂದು ಅರ್ಧ ಲೋಟ ಗಂಜಿ ಕುಡಿದು ಮಲಗಿದರು. ರಾತ್ರಿ ಎರಡೂವರೆಗೆ ಮೈಯೆಲ್ಲ ಬೆವರು. ಏನೇನೋ ಮಾತು. ನನ್ನನ್ನು ತಮ್ಮ ತೀರಿಹೋದ ತಂಗಿಯ ಹೆಸರಿನಲ್ಲಿ ಕರೆದರು. ಮೀಟರಿನಲ್ಲಿ 48. ನಾನು ಸಕ್ಕರೆ ನೀರು ಕುಡಿಸಿದೆ, ಮೂರು ಗಂಟೆ ಹೊತ್ತಿಗೆ ಸರಿಹೋದರು. ಹುಡುಗಿ ಅರ್ಧ ಗಂಟೆಯಿಂದ ಸುಮ್ನೆ ಬೆವರು ಒರೆಸುತ್ತಾ ಕೂತಿದ್ದಳಂತೆ! ಸಕ್ಕರೆ ಯಾಕೆ ಕೊಡಲಿಲ್ಲ ಅಂದರೆ, 'ಅಜ್ಜಿಗೆ ಸಕ್ಕರೆ ಮುಟ್ಟಿಸಬೇಡ ಅಂತ ನೀವೇ ಹೇಳಿದ್ರಲ್ಲ ಅಕ್ಕ' ಅಂದಳು. ಇವಳನ್ನು ಬಿಡಿಸಿ ಬೇರೆಯವರನ್ನು ಇಟ್ಟುಕೊಳ್ಳಲಾ? ಇನ್ನೊಂದು, ಅತ್ತೆಯ ಕಾಲು ಸದಾ ತಣ್ಣಗಿರುತ್ತದೆ. ಬಿಸಿನೀರಿನ ಬ್ಯಾಗ್ ಇಡಬಹುದಾ?

ಉತ್ತರ: ದಯವಿಟ್ಟು ಬಿಡಿಸಬೇಡಿ. ಆ ಹುಡುಗಿ ನೀವು ಹೇಳಿದ್ದನ್ನೇ ಮಾಡಿದ್ದಾಳೆ. ನಾವು ಎಲ್ಲರಿಗೂ ಅರ್ಧ ಪಾಠ ಹೇಳಿಕೊಡುತ್ತೇವೆ. ಶುಗರ್ ಏರಬಾರದು ಅನ್ನುತ್ತೇವೆ, ಇಳಿದರೆ ಏನು ಮಾಡಬೇಕು ಅನ್ನುವುದನ್ನು ಹೇಳುವುದೇ ಇಲ್ಲ. 31 ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದ ನಾನು ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಏರಿದ ಶುಗರ್ ಹೆಚ್ಚಾಗಿ ನಿಧಾನವಾಗಿ ಕೆಡಿಸುತ್ತದೆ, ಇಳಿದ ಶುಗರ್ ಒಂದೇ ರಾತ್ರಿಯಲ್ಲಿ ಜೀವ ತೆಗೆಯಬಹುದು. ಮುದುಕರಲ್ಲಂತೂ ಅದು ಕೈ ನಡುಕವಾಗಿ ಕಾಣದೆ ಬರೀ ಮರೆವು, ಬಡಬಡಿಕೆಯಾಗಿ ಕಾಣುವುದೂ ಉಂಟು. ವಯಸ್ಸಾಯಿತು, ಅರಳುಮರಳು ಅಂದುಕೊಂಡು ಮನೆಯವರು ಮತ್ತೆ ಹೊದಿಸಿ ಮಲಗಿಸುತ್ತಾರೆ.

ಇವತ್ತೇ ಒಂದು ಕೆಲಸ ಮಾಡಿ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಕ್ಕರೆ ಅಳೆಯಿರಿ. ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ. ಅಂಥ ನಾಲ್ಕೈದು ಪೊಟ್ಟಣ ಕಟ್ಟಿ ಒಂದು ಡಬ್ಬಿಗೆ ಹಾಕಿ. ಡಬ್ಬಿ, ನೀರಿನ ಲೋಟ, ಟಾರ್ಚ್, ಮೂರೂ ಅತ್ತೆಯ ಮಂಚದ ಪಕ್ಕದಲ್ಲೇ ಇರಲಿ. ಬೆವರು, ನಡುಕ, ತಡಬಡ ಮಾತು, ಏನು ಕಂಡರೂ ಮೀಟರ್ ಹಾಕಲಿ. 70ಕ್ಕಿಂತ ಕಡಿಮೆ ಇದ್ದರೆ ಒಂದು ಪೊಟ್ಟಣವನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಲಿ. 15 ನಿಮಿಷ ಬಿಟ್ಟು ಮತ್ತೆ ನೋಡಲಿ, ಏರದಿದ್ದರೆ ಇನ್ನೊಂದು ಪೊಟ್ಟಣ. ಏರಿದ ಮೇಲೆ ಎರಡು ಬಿಸ್ಕತ್ತೋ ಒಂದು ಸಣ್ಣ ಅಕ್ಕಿ ಒಟ್ಟಿಯೋ (ರೊಟ್ಟಿ) ತಿನ್ನಿಸಲಿ. ಮೀಟರ್ ಕೈಗೆ ಸಿಗದಿದ್ದರೆ ಕಾಯುವುದು ಬೇಡ, ಸಕ್ಕರೆ ನೀರು ಮೊದಲು. ಬೆಲ್ಲದ ಕಾಫಿ ಆಗಲ್ವಾ ಅಂತ ನಮ್ಮ ಕಡೆ ಕೇಳುತ್ತಾರೆ. ಅದನ್ನು ಕಾಯಿಸಬೇಕು, ಆರಿಸಬೇಕು. ಅಷ್ಟು ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ತೋಟದ ದಾರಿಗೆ ಆಂಬುಲೆನ್ಸ್ ಬರುವುದು ತಡ ಆಗಬಹುದು. ಜೀಪ್ ಇರುವ ಪಕ್ಕದ ಮನೆಯವರ ನಂಬರನ್ನೂ ದೊಡ್ಡಕ್ಷರದಲ್ಲಿ ಗೋಡೆಗೆ ಅಂಟಿಸಿ.

ಆ ರಾತ್ರಿ ಆದದ್ದಕ್ಕೆ ಕಾರಣ ನಿಮ್ಮ ಕಾಗದದಲ್ಲೇ ಇದೆ. ಇಂಜೆಕ್ಷನ್ ಪೂರ್ತಿ, ಊಟ ಅರ್ಧ ಲೋಟ ಗಂಜಿ. ಇನ್ನು ಮೇಲೆ ತಟ್ಟೆ ಎದುರಿಗೆ ಬಂದ ಮೇಲೆಯೇ ಸಂಜೆಯ ಸೂಜಿ. ಊಟ ಸೇರದ ದಿನ ಎಷ್ಟು ಯೂನಿಟ್ ಕೊಡಬೇಕು ಅಂತ ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ, ನೀವಾಗಿ ಕೂಡಿಸಿ ಕಳೆಯಬೇಡಿ. 48 ಬಂದಿತ್ತು ಅನ್ನುವುದನ್ನು ಅವರಿಗೆ ಈ ವಾರವೇ ಹೇಳಿ. ಕಿಡ್ನಿ ಸೋತರೆ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಆ ಪರೀಕ್ಷೆಯೂ ಆಗಲಿ. ಈ ವಯಸ್ಸಿನಲ್ಲಿ ಬಿಗಿ ಹಿಡಿತ ಬೇಕಾಗಿಲ್ಲ. ಸೋತ ಹಿರಿಯರಿಗೆ ಮೂರು ತಿಂಗಳ ಶುಗರ್ ಸರಾಸರಿ (HbA1c ಪರೀಕ್ಷೆ) 8ರ ಆಸುಪಾಸಿನಲ್ಲಿದ್ದರೂ ಡಾಕ್ಟರು ಒಪ್ಪುತ್ತಾರೆ.

ಸಿರಿಂಜನ್ನೂ ಒಮ್ಮೆ ನೋಡಿ. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿ ಹೆಚ್ಚಾಗಿ 40ರದ್ದು (ಒಂದು ಮಿ.ಲೀ.ಗೆ 40 ಯೂನಿಟ್), ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100ರದ್ದು. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಒಳಗೆ ಹೋಗುತ್ತದೆ.

ಬಿಸಿನೀರಿನ ಬ್ಯಾಗ್ ಬೇಡವೇ ಬೇಡ. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಮಳೆಗಾಲ ನನ್ನ ಅಮ್ಮನ ಪಾದದ ಕೆಳಗೆ ನಾನೇ ಬ್ಯಾಗ್ ಇಟ್ಟೆ. ಅಮ್ಮ 'ಹಾಯಾಗಿದೆ' ಅಂದರು. ಬೆಳಿಗ್ಗೆ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ. ಶುಗರಿನಿಂದ ನರ ಸತ್ತ ಕಾಲಿಗೆ ಸುಟ್ಟಿದ್ದು ತಿಳಿಯಲಿಲ್ಲ. ಅದು ಮಾಯಲು ಎರಡು ತಿಂಗಳು ಬೇಕಾಯಿತು. ಒಲೆಯ ಮುಂದೆ ಕಾಲು ಚಾಚಿ ಕೂರುವುದೂ ಅಷ್ಟೇ ಅಪಾಯ. ಬಿಗಿ ಇಲ್ಲದ ಹತ್ತಿಯ ಕಾಲುಚೀಲ ಸಾಕು. ದಿನಾ ಸಂಜೆ ಹುಡುಗಿ ಅತ್ತೆಯ ಪಾದ ಒರೆಸಿ ಬೆರಳ ಸಂದಿ ನೋಡಲಿ. ಅಂಗಳಕ್ಕೆ ಹೋಗಿ ಬಂದ ದಿನ ಜಿಗಣೆ ಕಚ್ಚಿದ ಜಾಗ ಇದೆಯಾ ಅಂತಲೂ ನೋಡಲಿ. ಅತ್ತೆಗೆ ಅದೂ ಗೊತ್ತಾಗಿರುವುದಿಲ್ಲ.

ಒಂದು ಮಾತು ಕೇಳುತ್ತೇನೆ. ಹಗಲೂ ರಾತ್ರಿಯೂ ಇರುವ ಆ ಹುಡುಗಿಗೆ ವಾರಕ್ಕೊಂದು ರಜೆ ಇದೆಯಾ? ರಾತ್ರಿಗೆ ಬೇರೆ ಸಂಬಳ ಕೊಡುತ್ತೀರಾ? ನಿದ್ದೆಗೆಟ್ಟ ಕಣ್ಣಿಗೆ ಸಿರಿಂಜಿನ ಗೆರೆ ಸರಿಯಾಗಿ ಕಾಣುವುದಿಲ್ಲ. ಯಜಮಾನರು ತಿಂಗಳಿಗೆ ಎರಡು ಭಾನುವಾರವಾದರೂ ಬಂದು ಅಮ್ಮನ ಕೋಣೆಯಲ್ಲಿ ಮಲಗಲಿ. ಸೂಜಿ ಹಾಕುವುದನ್ನು ಅವರೂ ಕಲಿಯಲಿ.

ಪ್ರಶ್ನೆ: ಭಾಗಮಂಡಲದ ಹತ್ತಿರ ನಮ್ಮ ಮನೆ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಕೊಡವ ಮಳೆ ತಿಂಗಳು) ಮೂರ್ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಅಪ್ಪನ ಇನ್ಸುಲಿನ್ ಕೆಡುತ್ತದಾ? ಕಕ್ಕಡ ಪದಿನೆಟ್ಟಿನ, ಅಂದರೆ ಆ ತಿಂಗಳ ಹದಿನೆಂಟನೇ ದಿನದ, ಮದ್ದು ಪಾಯಸ (ಔಷಧಿ ಅಂತ ನಂಬುವ ಮದ್ದು ಸೊಪ್ಪಿನದು) ಅವರಿಗೆ ಕೊಡಬಹುದಾ?

ಉತ್ತರ: ಕೆಡುವುದಿಲ್ಲ, ನಮ್ಮ ಮಳೆಗಾಲದ ತಂಪೇ ಸಾಕು. ಬಳಸುತ್ತಿರುವ ಬಾಟಲಿ ಹೊರಗಿದ್ದರೂ ಸಾಮಾನ್ಯವಾಗಿ 28 ದಿನ ಬರುತ್ತದೆ. ತೆರೆದ ತಾರೀಕನ್ನು ಬಾಟಲಿಯ ಮೇಲೇ ಬರೆಯಿರಿ. ತೆರೆಯದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ತಾಗದಂತೆ ಮಣ್ಣಿನ ಮಡಕೆಯಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಫ್ರೀಜರಿನಲ್ಲಿ ಒಮ್ಮೆ ಗಟ್ಟಿಯಾದದ್ದನ್ನು ಎಸೆದುಬಿಡಿ.

ಪಾಯಸ ಕೊಡಿ. ವರ್ಷಕ್ಕೊಂದು ದಿನ ಬರುವ ಆ ನೇರಳೆ ಬಣ್ಣದ ಪಾಯಸವನ್ನು ಎಲ್ಲರೂ ತಿನ್ನುವಾಗ ಅಪ್ಪ ಸುಮ್ಮನೆ ನೋಡುತ್ತಾ ಕೂರುವುದು ಬೇಡ. ಸಣ್ಣ ಬಟ್ಟಲಿನಲ್ಲಿ ಅರ್ಧ ಸಾಕು. ಅಕ್ಕಿಯೂ ಬೆಲ್ಲವೂ ಇರುವುದರಿಂದ ಆ ಹೊತ್ತಿನ ಅನ್ನ, ಪುಟ್ಟು ಕಡಿಮೆ ಮಾಡಿ. ಎರಡು ಗಂಟೆ ಬಿಟ್ಟು ಶುಗರ್ ನೋಡಿ. ಮದ್ದು ತಿಂದೆವಲ್ಲ ಅಂತ ಆ ದಿನದ ಮಾತ್ರೆ, ಇನ್ಸುಲಿನ್ ಬಿಡಬೇಡಿ.