ಗುರಿ, ಹುರುಪು, ಮುಂದಾಳತನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಕೆಲಸವಿದೆ, ಸಂಬಳಕ್ಕೂ ಕೊರತೆಯಿಲ್ಲ. ಆದರೂ ‘ಇದನ್ನೆಲ್ಲ ಯಾತಕ್ಕೆ ಮಾಡುತ್ತಿದ್ದೇನೆ’ ಎಂಬ ಪ್ರಶ್ನೆ ಬೆನ್ನು ಬಿಡುತ್ತಿಲ್ಲ. ‘ನಿನ್ನ ಆಸಕ್ತಿ ಯಾವುದೆಂದು ತಿಳಿದುಕೋ, ಮಿಕ್ಕಿದ್ದು ತಾನಾಗಿ ಆಗುತ್ತದೆ’ ಎನ್ನುತ್ತಾರೆ. ಒಂದು ವರ್ಷದಿಂದ ಯೋಚಿಸಿದ್ದೇ ಬಂತು, ಏನೂ ಹೊಳೆದಿಲ್ಲ. ನನ್ನೊಳಗೆ ಅಂಥದ್ದೇನೂ ಇಲ್ಲವೇ?

ಉತ್ತರ: ಖಂಡಿತ ಇದೆ. ಕೂತು ಯೋಚಿಸಿದಾಗ ಹೊಳೆಯುವುದೆಲ್ಲ ನಮಗೆ ಇಷ್ಟವಾಗಬೇಕೆಂದು ನಾವೇ ಅಂದುಕೊಂಡಿರುವ ಸಂಗತಿಗಳು. ನಿಜವಾಗಿ ಮನಸ್ಸು ಒಲಿದದ್ದು ದಿನದ ಸಣ್ಣಪುಟ್ಟ ಕೆಲಸಗಳ ನಡುವೆ ಹುದುಗಿರುತ್ತದೆ. ಬರೆದಿಡದೆ ಅದು ಕಣ್ಣಿಗೆ ಬೀಳುವುದಿಲ್ಲ.

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. 14 ದಿನ, ದಿನಕ್ಕೆ ಎರಡು ಸಲ, ಮಧ್ಯಾಹ್ನ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಪ್ರತಿ ಸಲ ಮೂರು ಸಾಲು ಬರೆಯಿರಿ. ಪ್ರತಿ ಸಾಲಿನಲ್ಲಿ ಏನು ಮಾಡಿದೆ, ಯಾರಿಗಾಗಿ ಅಥವಾ ಯಾರ ಜೊತೆ, ಎಷ್ಟು ಹೊತ್ತು ಎಂಬುದಿರಲಿ. ಮುಗಿದ ಮೇಲೆ ಮೈಮನಸ್ಸಿಗೆ ಕಸುವು ಬಂದಿದ್ದರೆ +, ಹೋಗಿದ್ದರೆ −, ಎರಡೂ ಇಲ್ಲದಿದ್ದರೆ 0. ಆ ಕೆಲಸಕ್ಕೆ ಯಾರಾದರೂ ತಾವಾಗಿ ನಿಮ್ಮನ್ನು ಹುಡುಕಿಕೊಂಡು ಬಂದಿದ್ದರೆ ಪಕ್ಕದಲ್ಲಿ ‘ಕೇ’ ಎಂದು ಗುರುತು ಹಾಕಿ. ಕೇಳಿದರು ಎಂದರ್ಥ. ಎರಡು ವಾರಕ್ಕೆ 84 ಸಾಲಾಗುತ್ತದೆ.

15ನೇ ದಿನ + ಬಿದ್ದ ಸಾಲುಗಳಿಂದ ಕ್ರಿಯಾಪದಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ. ಉದಾಹರಣೆಗೆ ಒಂದು ಸಾಲು ಹೀಗಿದೆ ಎನ್ನೋಣ: ‘ಹೊಸದಾಗಿ ಸೇರಿದವರಿಗೆ ಸ್ಟಾಕ್ ಲೆಕ್ಕ ತಾಳೆ ನೋಡುವುದನ್ನು ಹೇಳಿಕೊಟ್ಟೆ. 40 ನಿಮಿಷ. +. ಕೇ.’ ಕಣ್ಣು ಮೊದಲು ಹೋಗುವುದು ‘ಸ್ಟಾಕ್ ಲೆಕ್ಕ’ದ ಮೇಲೆ. ನೋಡಬೇಕಾದ್ದು ‘ಹೇಳಿಕೊಟ್ಟೆ’ ಎಂಬ ಪದವನ್ನು. ಅದೇ ಲೆಕ್ಕವನ್ನು ಒಬ್ಬರೇ ಎರಡು ಗಂಟೆ ಮಾಡಿದ ದಿನ − ಬಿದ್ದಿದ್ದರೆ ಉತ್ತರ ಅಲ್ಲೇ ಇದೆ. ಹೇಳಿಕೊಟ್ಟೆ, ಜೋಡಿಸಿದೆ, ರಿಪೇರಿ ಮಾಡಿದೆ, ರಾಜಿ ಮಾಡಿಸಿದೆ, ಹುಡುಕಿ ತೆಗೆದೆ ಎಂಬಂಥ ಕೆಲವೇ ಪದಗಳು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತವೆ. + ಮತ್ತು ‘ಕೇ’ ಎರಡೂ ಒಟ್ಟಿಗೆ ಬಿದ್ದ ಪದಕ್ಕೆ ಹೆಚ್ಚಿನ ತೂಕ ಕೊಡಿ. ನಿಮಗೆ ಹಿತವಾದದ್ದು ಇನ್ನೊಬ್ಬರಿಗೂ ಬೇಕಾಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ವಾರವಿಡೀ ಬಿಟ್ಟು ಭಾನುವಾರ ಕೂತು ನೆನಪಿನಿಂದ ಬರೆದರೆ ಜಗಳ ಮತ್ತು ಹೊಗಳಿಕೆ ಎರಡೇ ಉಳಿದಿರುತ್ತವೆ, ಸಣ್ಣ ಸಂತೋಷಗಳು ಅಳಿಸಿಹೋಗಿರುತ್ತವೆ. ಇನ್ನೊಂದು, ಚಪ್ಪಾಳೆಗೆ ಬಿದ್ದ + ಅನ್ನು ಕೆಲಸಕ್ಕೆ ಬಿದ್ದ + ಎಂದು ಎಣಿಸಿಬಿಡುವುದು. ‘ಇದನ್ನು ಮಾಡಿದ್ದು ನಾನೆಂದು ಯಾರಿಗೂ ಗೊತ್ತಾಗದಿದ್ದರೂ + ಹಾಕುತ್ತಿದ್ದೆನೇ?’ ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳಿ. ಅನುಮಾನ ಬಂದರೆ 0 ಮಾಡಿ.

ಕೊನೆಗೆ ಒಂದೇ ವಾಕ್ಯ ಬರೆಯಿರಿ: ‘ನಾನು ಇಂಥವರಿಗೆ ಇಂಥದ್ದು ಮಾಡಿಕೊಡುತ್ತೇನೆ, ಅದರಿಂದ ಅವರಿಗೆ ಇಂಥ ಅನುಕೂಲವಾಗುತ್ತದೆ.’ ಇದು ಕರಡು, ತಿದ್ದಲೆಂದೇ ಇರುವುದು. ವಾರಕ್ಕೆ ಮೂರು ಗಂಟೆಯಂತೆ 8 ವಾರ ಇದನ್ನು ಪರೀಕ್ಷಿಸಿ. ಆದಷ್ಟೂ ಈಗಿನ ಕೆಲಸದೊಳಗೇ ಜಾಗ ಮಾಡಿಕೊಳ್ಳಿ. ಸಂಶೋಧಕಿಯರಾದ ಏಮಿ ರೆಜ್ನೆವ್ಸ್ಕಿ ಮತ್ತು ಜೇನ್ ಡಟನ್ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯನ್ನು ಮಾತನಾಡಿಸಿ 2001ರಲ್ಲಿ ಬರೆದದ್ದು ಇದನ್ನೇ. ಹುದ್ದೆ ಒಂದೇ ಆಗಿದ್ದರೂ ಕೆಲವರು ರೋಗಿಗಳನ್ನು ವಿಚಾರಿಸಿಕೊಳ್ಳುವುದನ್ನೂ ತಮ್ಮ ಕೆಲಸವೆಂದೇ ಮಾಡಿಕೊಂಡಿದ್ದರು. ಅವರಿಗೆ ಆ ಕೆಲಸದ ಅರ್ಥವೇ ಬೇರೆಯಾಗಿತ್ತು. ಪರೀಕ್ಷೆ ಮುಗಿಯುವ ಮೊದಲೇ ರಾಜೀನಾಮೆ ಕೊಡುವ ಆತುರ ಬೇಡ.

ನಾಲ್ಕನೇ ಐದನೇ ವಾರದ ಹೊತ್ತಿಗೆ ಬೇಸರ ಬರುತ್ತದೆ. ಹೊಸತನ ಕಳೆದು ಕಷ್ಟದ ಭಾಗ ಶುರುವಾಗುವುದು ಆಗಲೇ. ಪಾಲ್ ಓಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗೊರಿ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಡಬೇಕಾದ್ದು. ಆಸಕ್ತಿ ಹುಟ್ಟಿನಿಂದಲೇ ಇರುತ್ತದೆ, ಹುಡುಕಿಕೊಂಡರೆ ಸಾಕು ಎಂದು ನಂಬಿದವರು ವಿಷಯ ಕಠಿಣವಾದ ಕೂಡಲೇ ಬೇಗ ಕೈಚೆಲ್ಲಿದರು. ಆಸಕ್ತಿಯನ್ನು ಬೆಳೆಸಿಕೊಳ್ಳಬಹುದು ಎಂದು ನಂಬಿದವರು ಅಷ್ಟು ಬೇಗ ಬಿಡಲಿಲ್ಲ. ಆದ್ದರಿಂದ 8 ವಾರ ಮುಗಿಯುವ ತನಕ ತೀರ್ಪು ಕೊಡಬೇಡಿ. ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಷ್ಟವಾಗಿದ್ದ ವಾರಗಳನ್ನೂ ಸೇರಿಸಿ ಇನ್ನೊಂದು 8 ವಾರ ಮಾಡಲು ಮನಸ್ಸಿದೆಯೇ? ಇಲ್ಲವೆಂದರೆ ಪಟ್ಟಿಯ ಎರಡನೇ ಕ್ರಿಯಾಪದಕ್ಕೆ ಹೋಗಿ.

ಪ್ರಶ್ನೆ: ಯಾವುದನ್ನೇ ಆಗಲಿ ಭಾರಿ ಹುರುಪಿನಿಂದ ಶುರು ಮಾಡುತ್ತೇನೆ. ಮೂರನೇ ವಾರದ ಹೊತ್ತಿಗೆ ಎಲ್ಲ ನಿಂತುಹೋಗುತ್ತದೆ. 21 ದಿನ ದಾಟಿದರೆ ಅಭ್ಯಾಸವಾಗುತ್ತದೆ ಎಂದು ಓದಿದ್ದೆ, ನನಗೆ ಆಗುತ್ತಲೇ ಇಲ್ಲ.

ಉತ್ತರ: ಆ 21ರ ಲೆಕ್ಕವೇ ನಿಮಗೆ ಮೋಸ ಮಾಡಿದೆ. ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ನಡೆಯುವ ಅಭ್ಯಾಸವಾಗಲು ಹಿಡಿದ ಮಧ್ಯಮ ಅವಧಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು ಬಂತು. ಮೂರನೇ ವಾರಕ್ಕೆ ನೀವು ಸೋತಿರಲಿಲ್ಲ, ಇನ್ನೂ ಮೂರನೇ ಒಂದು ದಾರಿಯಲ್ಲಿದ್ದಿರಿ. ಅದೇ ಅಧ್ಯಯನದ ಇನ್ನೊಂದು ಮಾತು ನಿಮ್ಮಂಥವರಿಗೆ ಬಹಳ ಮುಖ್ಯ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ‘ಹೇಗೂ ತಪ್ಪಿತಲ್ಲ, ಸೋಮವಾರದಿಂದ ಹೊಸದಾಗಿ ಶುರು ಮಾಡೋಣ’ ಎನ್ನುತ್ತೇವಲ್ಲ, ಕೆಲಸ ಕೆಡುವುದು ಅಲ್ಲಿ.

ಹುರುಪು ಬರಲಿ ಎಂದು ಕಾಯಬೇಡಿ. ಮೊದಲ ದಿನದ ಉತ್ಸಾಹದಲ್ಲಿ ದಿನಕ್ಕೆ ಒಂದು ಗಂಟೆ ಎಂದು ನಿಗದಿ ಮಾಡಿದರೆ, ಸುಸ್ತಾದ ದಿನ ಆ ಒಂದು ಗಂಟೆ ಬೆಟ್ಟದಂತೆ ಕಾಣುತ್ತದೆ. ಎರಡು ಅಳತೆ ಇಟ್ಟುಕೊಳ್ಳಿ. ಒಳ್ಳೆಯ ದಿನಕ್ಕೆ 45 ನಿಮಿಷ, ಕೆಟ್ಟ ದಿನಕ್ಕೆ 5 ನಿಮಿಷ. ಐದು ನಿಮಿಷ ಮಾಡಿದ ದಿನವೂ ಕ್ಯಾಲೆಂಡರಿನಲ್ಲಿ ಪೂರ್ತಿ ಗುರುತು ಹಾಕಿ. ಅರ್ಧ ಗುರುತು ಹಾಕುವ ಲೆಕ್ಕಾಚಾರಕ್ಕೆ ಇಳಿಯಬೇಡಿ.

ಎರಡನೆಯದು, ಯಾವಾಗ ಮತ್ತು ಎಲ್ಲಿ ಎಂಬುದನ್ನು ವಾಕ್ಯವಾಗಿ ಬರೆಯುವುದು. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ದಶಕಗಳಿಂದ ಅಭ್ಯಾಸ ಮಾಡಿರುವ ವಿಧಾನ ಇದು, ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ರೂಪದ್ದು. ‘ಇನ್ನು ಮೇಲೆ ಹೆಚ್ಚು ಓದುತ್ತೇನೆ’ ಎಂಬುದರಿಂದ ಏನೂ ಆಗದು. ‘ರಾತ್ರಿ ಹಲ್ಲುಜ್ಜಿ ಬಂದ ಕೂಡಲೇ ಮೇಜಿನ ಮುಂದೆ ಕೂತು ಎರಡು ಪುಟ ಓದುತ್ತೇನೆ’ ಎಂದು ಬರೆದರೆ ಹಲ್ಲುಜ್ಜುವುದೇ ಕರೆಗಂಟೆಯಾಗುತ್ತದೆ. ಅಡ್ಡಿಗೂ ಇಂಥದ್ದೇ ಒಂದು ವಾಕ್ಯ ಬೇಕು: ‘ಮೊಬೈಲ್ ಕೈಗೆ ಬಂದರೆ ಪಕ್ಕದ ಕೋಣೆಯಲ್ಲಿಟ್ಟು ಬರುತ್ತೇನೆ.’ ಗಡಿಯಾರದ ಹೊತ್ತಿಗಿಂತ ಈಗಾಗಲೇ ತಪ್ಪದೆ ಮಾಡುವ ಕೆಲಸಕ್ಕೆ ಕಟ್ಟಿದರೆ ಹೆಚ್ಚು ಗಟ್ಟಿ.

ಪ್ರಶ್ನೆ: ಚಿತ್ರ ಬರೆಯುವುದೆಂದರೆ ಪ್ರಾಣ. ಈಗ ಹಣಕ್ಕಾಗಿ ಬರೆದುಕೊಡಲು ಶುರು ಮಾಡಿದ್ದೇನೆ, ಬ್ರಷ್ ಮುಟ್ಟಲೂ ಮನಸ್ಸಾಗುವುದಿಲ್ಲ.

ಉತ್ತರ: ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಗಟಿನ ಆಟ ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಅದನ್ನು ಮುಟ್ಟುವುದು ಕಡಿಮೆಯಾಯಿತು. ನಿಮ್ಮ ಅನುಭವ ಹೊಸದೇನಲ್ಲ. ಹಣ ಬಿಡಬೇಕಾಗಿಲ್ಲ, ಗೋಡೆ ಕಟ್ಟಬೇಕು. ವಾರಕ್ಕೆ ಎರಡು ಗಂಟೆ, ಬೇರೆ ಪುಸ್ತಕ, ಸಾಧ್ಯವಾದರೆ ಬೇರೆ ಬಣ್ಣ. ಆ ಪುಸ್ತಕದ ಪುಟ ಯಾರಿಗೂ ತೋರಿಸುವುದಿಲ್ಲ, ಮಾರುವುದಿಲ್ಲ. ಒಪ್ಪಿಕೊಂಡ ಕೆಲಸದಲ್ಲೂ ಒಂದು ಆಯ್ಕೆಯಾದರೂ, ವಿಷಯವೋ ಬಣ್ಣವೋ ಗಡುವೋ, ನಿಮ್ಮ ಕೈಯಲ್ಲೇ ಇರುವಂತೆ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಒಂದು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಮೊದಲು ಇಷ್ಟವಾಗುತ್ತಿದ್ದದ್ದೂ ಬೇಡವಾಗಿದೆ. ನಿದ್ದೆಯೂ ಸರಿಯಿಲ್ಲ. ಗುರಿ ಬರೆದುಕೊಂಡರೆ ಸರಿಹೋದೀತೇ?

ಉತ್ತರ: ಗುರಿ ಬರೆಯುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಮೊದಲು ವೈದ್ಯರನ್ನು ನೋಡಿ. ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕೂ ಮೇಲ್ಪಟ್ಟು ಮನಸ್ಸು ಕುಗ್ಗಿದ್ದರೆ ಅಥವಾ ಇಷ್ಟದ ಸಂಗತಿಗಳೂ ರುಚಿಸದಿದ್ದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಏರುಪೇರಾಗಿದ್ದರೆ ಅದು ಖಿನ್ನತೆ ಇರಬಹುದು. ಥೈರಾಯ್ಡ್ ತೊಂದರೆ, ರಕ್ತಹೀನತೆಯಂಥ ಕಾರಣಗಳೂ ಇದೇ ರೀತಿ ಸುಸ್ತು ತರುತ್ತವೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇದು ನಿಮ್ಮ ಸೋಮಾರಿತನವಲ್ಲ, ಚಿಕಿತ್ಸೆಯಿದೆ. ಬದುಕೇ ಬೇಡ ಎಂಬ ಯೋಚನೆ ಬಂದರೆ ನಾಳೆಗೆಂದು ಕಾಯಬೇಡಿ. ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ, ಅವರ ಜೊತೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಏಳು ಜನರ ತಂಡಕ್ಕೆ ನನ್ನನ್ನು ಟೀಮ್ ಲೀಡರ್ ಮಾಡಿದ್ದಾರೆ. ನಾನು ಮೆತ್ತಗೆ ಮಾತನಾಡುವವಳು. ‘ಸ್ವಲ್ಪ ಜೋರಾಗಿರಿ’ ಎಂದು ಮೇಲಿನವರು ಹೇಳುತ್ತಾರೆ. ಜೋರಾಗಲು ಹೋದರೆ ನಾಟಕವಾಡಿದಂತೆ ಅನಿಸುತ್ತದೆ. ನನ್ನದೇ ರೀತಿ ಯಾವುದು, ತಿಳಿಯುವುದು ಹೇಗೆ?

ಉತ್ತರ: ಜೋರು ದನಿಗೂ ಮುಂದಾಳತನಕ್ಕೂ ಜನ ಅಂದುಕೊಂಡಷ್ಟು ನಂಟಿಲ್ಲ. ಆಡಮ್ ಗ್ರಾಂಟ್, ಫ್ರಾನ್ಸೆಸ್ಕಾ ಜಿನೊ, ಡೇವಿಡ್ ಹಾಫ್‌ಮನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾವಾಗಿ ಸಲಹೆ ಕೊಡುವ, ಮುನ್ನುಗ್ಗುವ ತಂಡಕ್ಕೆ ಮಿತಭಾಷಿ ನಾಯಕರೇ ಹೆಚ್ಚು ಒಪ್ಪುತ್ತಾರೆ. ಹೇಳಿದ್ದಷ್ಟೇ ಮಾಡುವ ತಂಡಕ್ಕೆ ಮಾತುಗಾರ ನಾಯಕರು ಒಪ್ಪುತ್ತಾರೆ. ನಿಮ್ಮ ಏಳು ಜನ ಯಾವ ಬಗೆ ಎಂದು ಮೊದಲು ನೋಡಿ.

ನಿಮ್ಮ ಸಹಜ ರೀತಿ ತಿಳಿಯಲು, ಕೆಲಸ ಕೈಕೊಟ್ಟ ಮೂರು ಸಂದರ್ಭಗಳನ್ನು ನೆನಪಿಸಿಕೊಂಡು ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಿದಿರಿ ಎಂದು ಬರೆಯಿರಿ. ಫೋನ್ ಎತ್ತಿ ಎಲ್ಲರನ್ನೂ ಸೇರಿಸಿದಿರಾ? ಹಾಳೆ ಹಿಡಿದು ಹಂತಗಳನ್ನು ಬರೆದಿರಾ? ತಪ್ಪು ಮಾಡಿದವರ ಪಕ್ಕ ಹೋಗಿ ಕೂತಿರಾ? ಯಾರಿಗೂ ಹೇಳದೆ ನೀವೇ ಮಾಡಿ ಮುಗಿಸಿದಿರಾ? ಗಾಬರಿಯಲ್ಲಿ ನಟಿಸಲು ಹೊತ್ತಿರುವುದಿಲ್ಲ, ಆದ್ದರಿಂದ ಅಲ್ಲಿ ಕಾಣುವುದು ನಿಜವಾದ ರೀತಿ. ಆಮೇಲೆ ಐದು ಜನರನ್ನು ಕೇಳಿ. ಅವರಲ್ಲಿ ಒಬ್ಬರು ನಿಮಗಿಂತ ಕಿರಿಯರು, ಒಬ್ಬರು ನಿಮ್ಮ ಜೊತೆ ಅಷ್ಟಾಗಿ ಹೊಂದದವರು ಇರಲಿ. ‘ನಾನು ಎಂಥ ಲೀಡರ್?’ ಎಂದರೆ ಎಲ್ಲರೂ ‘ತುಂಬ ಒಳ್ಳೆಯವರು’ ಎಂದು ಮುಗಿಸುತ್ತಾರೆ. ‘ನನ್ನಿಂದ ನಿಮ್ಮ ಕೆಲಸ ಹಗುರಾದದ್ದು ಯಾವಾಗ? ತಡವಾದದ್ದು ಯಾವಾಗ?’ ಎಂದು ಕೇಳಿ. ಎರಡನೆಯ ಉತ್ತರಕ್ಕೆ ಸಮಜಾಯಿಷಿ ಕೊಡದೆ ಬರೆದುಕೊಳ್ಳಿ. ಒಮ್ಮೆ ಸಮಜಾಯಿಷಿ ಕೊಟ್ಟರೆ ಮುಂದೆ ಯಾರೂ ನಿಜ ಹೇಳುವುದಿಲ್ಲ.

ಮೆತ್ತಗಿರುವವರಿಗೆ ಒಂದು ಅಪಾಯವಿದೆ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ 1939ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಡುಗರ ಗುಂಪುಗಳಿಗೆ ಮೂರು ಬಗೆಯ ನಾಯಕರಿದ್ದರು. ಆಜ್ಞೆ ಮಾಡುವವರು ಹೊರಗೆ ಹೋದರೆ ಕೆಲಸ ಕುಸಿಯುತ್ತಿತ್ತು. ಎಲ್ಲರನ್ನೂ ಕೇಳಿ ತೀರ್ಮಾನಿಸುವವರು ಹೊರಗೆ ಹೋದರೂ ಕೆಲಸ ಮುಂದುವರಿಯುತ್ತಿತ್ತು. ಏನೂ ಹೇಳದೆ ಪೂರ್ತಿ ಕೈಬಿಟ್ಟವರ ಗುಂಪಿನಲ್ಲಿ ಕೆಲಸ ಆದದ್ದೇ ಕಡಿಮೆ. ಮೃದುವಾಗಿರುವುದು ಎರಡನೆಯ ಬಗೆ. ಸಂಕೋಚದಿಂದ ಸುಮ್ಮನಿರುವುದು ಮೂರನೆಯದು.

ಸಂಕೋಚ ಎಲ್ಲಿ ನುಸುಳುತ್ತದೆ ಗೊತ್ತೇ? ‘ಸಾಧ್ಯವಾದರೆ’, ‘ಬಿಡುವಾದಾಗ’, ‘ಒಂಚೂರು’ ಎಂಬ ಪದಗಳಲ್ಲಿ. ‘ಸಾಧ್ಯವಾದರೆ ಗುರುವಾರದೊಳಗೆ ಒಂಚೂರು ನೋಡ್ತೀರಾ?’ ಎಂದರೆ ಕೇಳಿದವರಿಗೆ ಅವಸರವಿಲ್ಲ ಎಂದೇ ಅರ್ಥ. ‘ಗುರುವಾರ ಸಂಜೆ 4ಕ್ಕೆ ಬೇಕು. ಆಗುವುದಿಲ್ಲ ಅನಿಸಿದರೆ ಮಂಗಳವಾರವೇ ಹೇಳಿ, ಬೇರೆ ದಾರಿ ನೋಡೋಣ’ ಎನ್ನಿ. ದನಿ ಏರಿಸಬೇಕಾಗಿಲ್ಲ. ಕೆಲಸ ಒಪ್ಪಿಸುವಾಗ ಏನು ಬೇಕು, ಮುಗಿದಾಗ ಹೇಗಿರಬೇಕು, ಯಾವಾಗ ಬೇಕು, ಅವರೇ ತೀರ್ಮಾನಿಸಬಹುದಾದದ್ದು ಯಾವುದು, ಯಾವ ಹಂತದಲ್ಲಿ ನಿಮ್ಮ ಬಳಿ ಬರಬೇಕು ಎಂಬ ಐದನ್ನೂ ಹೇಳಿ. ನಾಲ್ಕನೆಯದನ್ನು ಹೇಳಲು ಮರೆಯುವವರೇ ಹೆಚ್ಚು. ಆಗ ಪ್ರತಿ ಸಣ್ಣದಕ್ಕೂ ಜನ ನಿಮ್ಮ ಮೇಜಿನ ಮುಂದೆ ನಿಲ್ಲುತ್ತಾರೆ. ಹೊಸಬರಿಗೆ ಐದನ್ನೂ ಬಿಡಿಸಿ ಹೇಳಬೇಕು, ಪಳಗಿದವರಿಗೆ ಒಂದನೆಯದು ಮೂರನೆಯದು ಸಾಕು.

ಮೀಟಿಂಗಿಗೆ ಪ್ರಶ್ನೆಯನ್ನು ಹಿಂದಿನ ದಿನವೇ ಕಳಿಸಿ. ಮೊದಲ 5 ನಿಮಿಷ ಎಲ್ಲರೂ ಬರೆಯಲಿ. ಕಿರಿಯರಿಂದ ಶುರುವಾಗಿ ಒಬ್ಬೊಬ್ಬರೇ ಓದಲಿ, ನೀವು ಕೊನೆಗೆ ಮಾತನಾಡಿ. ಏಳುವ ಮುಂಚೆ ಯಾರು, ಏನು, ಯಾವಾಗ ಎಂಬ ಮೂರು ಸಾಲನ್ನು ನೀವೇ ಗಟ್ಟಿಯಾಗಿ ಓದಿ.

ಪ್ರಶ್ನೆ: ನಿನ್ನೆವರೆಗೆ ಪಕ್ಕದ ಸೀಟಿನಲ್ಲಿದ್ದ ಗೆಳೆಯ ಈಗ ನನ್ನ ಕೈಕೆಳಗೆ. ಕೆಲಸ ತಡ ಮಾಡುತ್ತಾನೆ, ಹೇಳಲು ಬಾಯಿ ಬರುವುದಿಲ್ಲ.

ಉತ್ತರ: ತಡವಾದ ಮೊದಲ ಸಲವೇ, 24 ಗಂಟೆಯೊಳಗೆ, ಒಬ್ಬನೇ ಇದ್ದಾಗ ಹೇಳಿ. ನಾಲ್ಕು ಸಲ ನುಂಗಿಕೊಂಡರೆ ಐದನೆಯ ಸಲ ಸಿಟ್ಟಾಗಿ ಹೊರಬರುತ್ತದೆ. ಅವನಿಗೆ ಅದು ಕುರ್ಚಿಯ ಮದದಂತೆ ಕಾಣುತ್ತದೆ. ನಡೆದದ್ದು, ಅದರಿಂದಾದ ತೊಂದರೆ, ಕೊನೆಗೆ ಒಂದು ಪ್ರಶ್ನೆ, ಇಷ್ಟೇ ಇರಲಿ: ‘ವರದಿ ಸೋಮವಾರ ಬರಬೇಕಿತ್ತು, ಬುಧವಾರ ಬಂತು. ಇಬ್ಬರು ಎರಡು ದಿನ ಕಾದು ಕೂತರು. ಎಲ್ಲಿ ಸಿಕ್ಕಿಹಾಕಿಕೊಂಡೆ ಹೇಳು?’ ‘ನೀನು ಯಾವಾಗಲೂ ಹೀಗೇ’ ಎಂಬ ಮಾತು ಬಾಯಿಗೆ ಬಂದರೂ ತಡೆಯಿರಿ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಮೌನ ಕಷ್ಟವಾಗಿ ನೀವೇ ಅವನ ಪರವಾಗಿ ಕಾರಣ ಕೊಟ್ಟುಬಿಟ್ಟರೆ ನಿಜವಾದ ಅಡ್ಡಿ ಏನೆಂದು ನಿಮಗೆ ಗೊತ್ತಾಗುವುದೇ ಇಲ್ಲ. ಅವನು ಹೇಳಿದ್ದನ್ನು ಕೇಳಿ, ಮುಂದಿನ ದಿನಾಂಕವನ್ನು ಅವನ ಬಾಯಿಂದಲೇ ಬರಿಸಿ.