ಮರಗಪ್ಪೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವಾಗ ನೀರು, ತೇವ, ಆಹಾರ ಹೇಗಿರಬೇಕು?

ಮೊದಲು ನೀರು. ಕಪ್ಪೆ ಬಾಯಿಂದ ಕುಡಿಯುವುದಿಲ್ಲ. ಬಟ್ಟಲಲ್ಲಿ ಕುಳಿತು ಹೊಟ್ಟೆ, ತೊಡೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಹಾಗಾಗಿ ನೀರಲ್ಲಿರುವುದೆಲ್ಲ ನೇರ ಮೈಗೆ ಸೇರುತ್ತದೆ. ನಲ್ಲಿ ನೀರನ್ನು 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಹೋಗಬಹುದು, ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸೋಂಕುನಿವಾರಕ) ಹೋಗುವುದಿಲ್ಲ. ಅಕ್ವೇರಿಯಂಗೆ ಹಾಕುವ ಡೀಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ಔಷಧ) ಬಳಸುವುದೇ ಕ್ಷೇಮ. ಬಟ್ಟಲಿನ ನೀರನ್ನು ದಿನಾ ಬದಲಿಸಿ. ಕಪ್ಪೆಯನ್ನು ಎತ್ತಲೇಬೇಕಾದಾಗ ಸೋಪಿನ ಅಂಶವಿಲ್ಲದ ಒದ್ದೆ ಕೈಯಲ್ಲೇ ಎತ್ತಿ.

ವೈಟ್ಸ್ ಮರಗಪ್ಪೆ (ಆಸ್ಟ್ರೇಲಿಯಾ ಮೂಲದ ಹಸಿರು ಮರಗಪ್ಪೆ) ಎರಡಿದ್ದರೆ 45×45 ಸೆಂ.ಮೀ. ತಳ, 60 ಸೆಂ.ಮೀ. ಎತ್ತರದ ಪೆಟ್ಟಿಗೆ ಸಾಕು. ಹಗಲು 24–28 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 50–60. ಸದಾ ಒದ್ದೆಯಿರಲೆಂದು ಗಾಳಿ ಕಟ್ಟಿಹಾಕುವುದು ಎಲ್ಲರೂ ಮಾಡುವ ತಪ್ಪು. ಬ್ಯಾಕ್ಟೀರಿಯಾ ಬೆಳೆದು ತೊಡೆಯ ಒಳಭಾಗ, ಹೊಟ್ಟೆ ಕೆಂಪೇರುತ್ತದೆ. ಆಗ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಸಂಜೆ ಸಿಂಪಡಿಸಿದ ಹನಿ ಬೆಳಗಿನ ಹೊತ್ತಿಗೆ ಎಲೆಗಳ ಮೇಲೆ ಆರಿರಬೇಕು.

ಬೆಳೆದ ಕಪ್ಪೆಗೆ ವಾರಕ್ಕೆ 2–3 ಸಲ ಚಿಮ್ಮಂಡೆ ಹುಳು ಕೊಡಿ. ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳು ದೊಡ್ಡದಿರಬಾರದು. ಕ್ಯಾಲ್ಸಿಯಂ, ವಿಟಮಿನ್ ಡಿ3 ಪುಡಿ ಹಚ್ಚದೆ ಕೊಟ್ಟರೆ ಮೂಳೆ ಮೆತ್ತಗಾಗಿ ದವಡೆ ಜೋಲುತ್ತದೆ. ತಳಕ್ಕೆ ಸಣ್ಣ ಕಲ್ಲು ಬೇಡವೇ ಬೇಡ: ಹುಳುವಿನ ಜೊತೆ ನುಂಗಿದರೆ ಕರುಳು ಕಟ್ಟುತ್ತದೆ.